ಸಂಸಾರ ಸಮೇತ ಬ್ಯಾಂಕಾಕಿಗೆ

ಕೆಲವರ ಮನೆಯಲ್ಲಿ ಪ್ರವಾಸ ಮುಗಿದ ಮೇಲೆ ಕಥೆಗಳು ಹುಟ್ಟುತ್ತವೆ. ನಮ್ಮ ಮನೆಯಲ್ಲಿ ಸೂಟ್‌ಕೇಸು ಅಟ್ಟದಿಂದ ಕೆಳಗಿಳಿಯುವ ಮೊದಲೇ ಹುಟ್ಟಿ, ಮೆಟ್ಟಿಲಿಳಿದು, ವಾಚ್‌ಮನ್ ಕಿವಿಗೂ ಬಿದ್ದಿರುತ್ತವೆ. ಹೋದ ಓಣಂ ರಜೆಯಲ್ಲಿ ನಾಲ್ಕು ದಿನದ ಮಟ್ಟಿಗೆ ಬ್ಯಾಂಕಾಕಿಗೆ ಹೋಗಿಬಂದೆವು. ಆ ನಾಲ್ಕು ದಿನದ ಬಗ್ಗೆ ಹೇಳುವುದಕ್ಕೆ ಹೆಚ್ಚೇನಿಲ್ಲ. ದೇವಸ್ಥಾನ ನೋಡಿದೆವು, ದೋಣಿ ಹತ್ತಿದೆವು, ಕಾಲು ನೋಯಿಸಿಕೊಂಡೆವು. ಹೇಳಬೇಕಾದ್ದೆಲ್ಲ ವಿಮಾನ ಹತ್ತುವ ಮೊದಲೇ ಆಗಿಹೋಗಿತ್ತು.

ವಿಷ ಇಲ್ಲ

ನಾವು ಮೈಸೂರಿನ ಕಡೆಯವರು. ನಮ್ಮವರಿಗೆ ತಿರುವನಂತಪುರದ ಒಂದು ಕೇಂದ್ರ ಸಂಸ್ಥೆಯಲ್ಲಿ ಕೆಲಸ. ನನಗೆ ಕಳಕ್ಕೂಟಂನ ಐಟಿ ಪಾರ್ಕಿನಲ್ಲಿ. ಮನೆ ಪಟ್ಟಂನಲ್ಲಿ, ಮೂರನೇ ಮಹಡಿಯ ಫ್ಲ್ಯಾಟು. ಒಬ್ಬಳೇ ಮಗಳು, ಒಂಬತ್ತು ವರ್ಷ, ಹುಟ್ಟಿದ್ದೇ ಇಲ್ಲಿ. ಅವಳಿಗೆ ಕನ್ನಡದಲ್ಲಿ ಏನು ಹೇಳಿದರೂ ಅರ್ಥವಾಗುತ್ತದೆ, ಉತ್ತರ ಮಾತ್ರ ಮಲಯಾಳದಲ್ಲಿ ಬರುತ್ತದೆ. ಮಾವ ತೀರಿಕೊಂಡ ಮೇಲೆ ಅತ್ತೆ ನಮ್ಮ ಜೊತೆ ಇರಲು ಬಂದರು. ಅತ್ತೆಗೆ ಕನ್ನಡ ಬಿಟ್ಟರೆ ಇನ್ನೊಂದು ಭಾಷೆ ಬಾರದು, ಕಲಿಯುವ ಹಟವೂ ಇಲ್ಲ. ಎರಡು ವರ್ಷದಲ್ಲಿ ಅವರು ಸಂಪಾದಿಸಿದ ಮಲಯಾಳವೆಂದರೆ ಗೇಟಿನ ಹತ್ತಿರ ಸೈಕಲ್ಲಿನಲ್ಲಿ ಬರುವವನಿಗೆ ಹೇಳುವ "ಮೀನ್ ವೇಂಡ", ಅಂದರೆ ಮೀನು ಬೇಡ, ಇಷ್ಟೇ.

ಒಂದು ಮಧ್ಯಾಹ್ನ ಊಟಕ್ಕೆ ಕೂತಿದ್ದೆವು.

"ಪುಟ್ಟಿ, ಇನ್ನೊಂಚೂರು ಅನ್ನ ಹಾಕ್ಲೇನೇ?" ಎಂದರು ಅತ್ತೆ.

"ವೇಂಡ ಅಜ್ಜಿ, ವಿಶಪ್ಪಿಲ್ಲ."

ಅತ್ತೆ ಸೌಟನ್ನು ಪಾತ್ರೆಯಲ್ಲೇ ಬಿಟ್ಟರು. "ವಿಷ ಇಲ್ವಂತೆ! ನನ್ನ ಸಾರಲ್ಲಿ ವಿಷ ಇಲ್ಲ ಅಂತ ಸರ್ಟಿಫಿಕೇಟ್ ಕೊಡ್ತಿದಾಳೆ ನಿನ್ನ ಮಗಳು."

"ವಿಶಪ್ಪು ಅಂದ್ರೆ ಹಸಿವು ಅತ್ತೆ. ಹಸಿವಿಲ್ಲ ಅಂತಿದಾಳೆ."

"ಹಸಿವಿಗೂ ವಿಷ ಅಂತ ಹೆಸರಿಟ್ಟುಕೊಂಡಿರೋ ಊರಲ್ಲಿ ಹೇಗಮ್ಮ ಬಾಳೋದು," ಎಂದರು ಅತ್ತೆ. ನಾವು ನಕ್ಕೆವು. ಅವರೂ ನಕ್ಕರು. ಆದರೆ ಅದೇ ವಾರ, ಭಾನುವಾರದ ಕಾಫಿ ಮುಗಿಸಿ ಲೋಟ ಕೆಳಗಿಡುತ್ತಾ, ಯಾವುದೋ ತರಕಾರಿಯ ಸುದ್ದಿ ಹೇಳುವಷ್ಟೇ ಸಲೀಸಾಗಿ ಹೇಳಿದರು: "ಓಣಂ ರಜೆ ಮುಗಿದ ಮೇಲೆ ನನ್ನ ಮೈಸೂರಿಗೆ ಬಿಟ್ಟುಬನ್ನಿ. ಮಗಳ ಮನೇಲಿರ್ತೀನಿ. ಇಲ್ಲಿ ನನಗೆ ಏನೂ ಕಡಿಮೆಯಿಲ್ಲ. ಮಾತೊಂದಿಲ್ಲ."

ಇಂಥ ಮಾತು ಕೇಳಿದರೆ ಸೊಸೆಯಾದವಳಿಗೆ ಒಳಗೊಳಗೇ ಖುಷಿಯಾಗಬೇಕು ಎಂಬುದು ಟಿವಿ ಧಾರಾವಾಹಿಗಳ ಅಭಿಪ್ರಾಯ. ನನಗೆ ಆಗಲಿಲ್ಲ. ಕಳಕ್ಕೂಟಂನಿಂದ ಬಸ್ಸಿನಲ್ಲಿ ನಿಂತುಕೊಂಡೇ ಬಂದು ಬಾಗಿಲು ತೆಗೆದರೆ ಕಾಫಿ ಲೋಟ ಹಿಡಿದು ನಿಲ್ಲುತ್ತಿದ್ದವರು ಅವರು. ನನ್ನ ಮ್ಯಾನೇಜರನ್ನು ನಾನು ಬೈಯುವಾಗ, ಅವನ ಮುಖವನ್ನೇ ಕಂಡಿರದಿದ್ದರೂ, ನನಗಿಂತ ಹೆಚ್ಚು ಬೈಯುತ್ತಿದ್ದವರೂ ಅವರೇ. ಅವರಿಗೆ ಬೇಕಾಗಿದ್ದದ್ದು ನನ್ನ ಮಾತಲ್ಲ, ಮೊಮ್ಮಗಳದು. ಅದು ನನಗೆ ಗೊತ್ತಿತ್ತು.

ನಾನು ಹತ್ತು ವರ್ಷದಿಂದ ಪ್ರಾಜೆಕ್ಟ್ ಪ್ಲ್ಯಾನಿಂಗ್ ಮಾಡುತ್ತಿರುವವಳು. ಸುಮ್ಮನಿರುವುದುಂಟೇ? ಉಪಾಯ ಹೂಡಿದೆ. ಮಲಯಾಳವೇ ನಡೆಯದ ಊರಿಗೆ ಇಬ್ಬರನ್ನೂ ಕರೆದುಕೊಂಡು ಹೋಗುವುದು. ಬೇರೆ ದಾರಿಯೇ ಇಲ್ಲದೆ ಮಗಳು ಅಜ್ಜಿಯ ಜೊತೆ ಕನ್ನಡ ಆಡುತ್ತಾಳೆ. ಅಜ್ಜಿ ಮೈಸೂರು ಮರೆಯುತ್ತಾರೆ.

"ಸಿಂಗಾಪುರ?" ಎಂದೆ.

"ನಿಮ್ಮ ಆಫೀಸಿನ ಅರ್ಧ ಜನ ಅಲ್ಲೇ ಇದಾರಲ್ಲೇ," ಎಂದರು ನಮ್ಮವರು.

"ಕೌಲಾಲಂಪುರ?"

"ಎದುರುಮನೆ ಚೇಚಿಯ ತಮ್ಮ ಅಲ್ಲಿರೋದು."

"ಬ್ಯಾಂಕಾಕ್?"

ಅವರು ತುಂಬ ಹೊತ್ತು ಯೋಚಿಸಿದರು. "ಅಲ್ಲಿ ಯಾರೂ ನೆನಪಾಗ್ತಿಲ್ಲ."

ಏನು ನೋಡುವುದಿದೆ ಎಂದು ಜನ ಊರು ಆರಿಸುತ್ತಾರೆ. ನಾವು ಯಾರೂ ಇಲ್ಲ ಎಂದು ಆರಿಸಿದೆವು.

ಅಮ್ಮನ ಜೊತೆ

ಸರ್ಕಾರಿ ಕೆಲಸದಲ್ಲಿರುವವರು ವಿದೇಶಕ್ಕೆ ಹೋಗಲು ಆಫೀಸಿನಲ್ಲಿ ಅನುಮತಿ ಪಡೆಯಬೇಕು. ನಮ್ಮವರು ಅರ್ಜಿ ತುಂಬುತ್ತಿದ್ದಾಗ ಪಕ್ಕದ ಮೇಜಿನವರು ಇಣುಕಿದರು. ಬ್ಯಾಂಕಾಕ್ ಎಂಬ ಹೆಸರು ಕಂಡದ್ದೇ ತಡ, ಕಣ್ಣು ಮಿಟುಕಿಸಿದರು.

"ಒಟ್ಟಯ್ಕಾಣೋ?" ಎಂದು ಪಿಸುಗುಟ್ಟಿದರು. ಒಬ್ಬರೇ ಹೋಗುತ್ತಿದ್ದೀರಾ ಎಂದರ್ಥ.

ಅಷ್ಟರಲ್ಲಿ ಇನ್ನಿಬ್ಬರು ಬಂದರು. ಒಬ್ಬರು ಬೆನ್ನು ತಟ್ಟಿದರು. ಹದಿನೈದು ವರ್ಷದಿಂದ ತಲೆ ಎತ್ತದೆ ಕೆಲಸ ಮಾಡಿದ ಮನುಷ್ಯ, ಕೊನೆಗೂ ಬುದ್ಧಿ ಬಂತು ಎಂಬ ಹಾಗೆ ಎಲ್ಲರೂ ಅವರನ್ನೇ ಅಭಿಮಾನದಿಂದ ನೋಡುತ್ತಿದ್ದರಂತೆ.

"ಇಲ್ಲ, ಅಮ್ಮನ ಜೊತೆ," ಎಂದರು ನಮ್ಮವರು.

ಬೆನ್ನ ಮೇಲಿದ್ದ ಕೈ ಮೆಲ್ಲಗೆ ಹಿಂದಕ್ಕೆ ಹೋಯಿತು. ಕೊನೆಗೆ ಅವರಲ್ಲೇ ಹಿರಿಯರಾದವರು ಗಂಟಲು ಸರಿಮಾಡಿಕೊಂಡು ಸಮಾಧಾನ ಹೇಳಿದರು: "ಪರವಾಗಿಲ್ಲ. ಅಮ್ಮನನ್ನು ಕರೆದುಕೊಂಡು ಹೋಗುವಂಥ ಜಾಗಗಳೂ ಅಲ್ಲಿ ಇರಲೇಬೇಕು. ಹುಡುಕಿದರೆ ಸಿಗುತ್ತವೆ."

ಈರುಳ್ಳಿ ಬಿಟ್ಟದ್ದು

ಟಿಕೆಟ್ ಖಚಿತವಾಗುವವರೆಗೆ ಅತ್ತೆಗೆ ಹೇಳುವುದು ಬೇಡ ಎಂದುಕೊಂಡಿದ್ದೆವು. ಎದುರುಮನೆ ಚೇಚಿಗೆ (ಇಲ್ಲಿ ಅಕ್ಕ ಎನ್ನುವುದಕ್ಕೆ ಚೇಚಿ) ಮಾತ್ರ ನಾನು ಲಿಫ್ಟಿನಲ್ಲಿ ಬಾಯಿತಪ್ಪಿ ಹೇಳಿದ್ದೆ. ಚೇಚಿ ಒಳ್ಳೆಯ ಹೆಂಗಸು, ಆದರೆ ಅವರ ಹೊಟ್ಟೆಯಲ್ಲಿ ಗುಟ್ಟು ನಿಲ್ಲುವುದು ಲಿಫ್ಟು ಮೂರನೇ ಮಹಡಿ ಮುಟ್ಟುವವರೆಗೆ.

ಕೆಲವು ದಿನದಿಂದ ಅಡುಗೆಯಲ್ಲಿ ಏನೋ ವ್ಯತ್ಯಾಸ ಅನಿಸುತ್ತಿತ್ತು. ಸಾಂಬಾರಿನಲ್ಲಿ ಈರುಳ್ಳಿಯಿಲ್ಲ, ಪಲ್ಯಕ್ಕೆ ಬೆಳ್ಳುಳ್ಳಿಯಿಲ್ಲ. ಅತ್ತೆಗೆ ಹೊಟ್ಟೆ ಸರಿಯಿಲ್ಲವೇನೋ ಎಂದುಕೊಂಡು ನಾನು ಕೇಳಲಿಲ್ಲ. ಆಮೇಲೆ ಮೈಸೂರಿನಿಂದ ಅತ್ತಿಗೆ, ಅಂದರೆ ನಮ್ಮವರ ಅಕ್ಕ, ಫೋನು ಮಾಡಿದರು.

"ಅಮ್ಮನ ಆಸೆ ಕೊನೆಗೂ ಈಡೇರಿಸ್ತಿದೀರಿ ಕಣಮ್ಮ. 'ಸಂಸಾರ ಸಮೇತ ಯಾತ್ರೆ ಹೊರಟಿದೀವಿ' ಅಂತ ಅಮ್ಮ ಎಲ್ರಿಗೂ ಫೋನ್ ಮಾಡಿ ಹೇಳಿದಾರೆ. ಕಾಶಿಗಾ, ರಾಮೇಶ್ವರಕ್ಕಾ?"

ಆಗ ಗೊತ್ತಾಯಿತು. ಚೇಚಿ ಒಂದು ದಿನ ಅತ್ತೆಯನ್ನು ತಡೆದು "ಯಾತ್ರ ಎಪ್ಪೋಳಾ ಅಮ್ಮೇ?" ಎಂದು ಕೇಳಿದ್ದಾರೆ. ಯಾತ್ರೆ ಯಾವಾಗ ಎಂದು. ಮಕ್ಕಳು ನನಗೆ ಹೇಳದೆ ತೀರ್ಥಯಾತ್ರೆಗೆ ಏರ್ಪಾಡು ಮಾಡುತ್ತಿದ್ದಾರೆ, ನಾನೂ ಗೊತ್ತಿಲ್ಲದವಳ ಹಾಗೆ ಇದ್ದುಬಿಡೋಣ ಎಂದು ಅತ್ತೆ ಅಂದಿನಿಂದಲೇ ವ್ರತ ಹಿಡಿದಿದ್ದಾರೆ.

ನಾನು ಅವರ ಎದುರು ಕೂತು ಅಳುಕುತ್ತಲೇ ಹೇಳಿದೆ. "ಅತ್ತೆ, ಇಲ್ಲಿ ಯಾತ್ರೆ ಅಂದ್ರೆ ಬರೀ ಪ್ರಯಾಣ. ಬಸ್ಸಲ್ಲಿ ಮುಂದಿನ ಸ್ಟಾಪಿಗೆ ಹೋದರೂ ಯಾತ್ರೆಯೇ. ನಾವು ಹೋಗ್ತಿರೋದು ಬ್ಯಾಂಕಾಕಿಗೆ."

ಅತ್ತೆ ಸ್ವಲ್ಪ ಹೊತ್ತು ಸೆರಗಿನ ತುದಿ ಮಡಚುತ್ತಾ ಬಿಚ್ಚುತ್ತಾ ಕೂತರು. "ಹನ್ನೊಂದು ದಿನದಿಂದ ಈರುಳ್ಳಿ ಬಿಟ್ಟಿದೀನಿ," ಎಂದರು.

"ತಪ್ಪಾಯ್ತು ಅತ್ತೆ."

"ಅಲ್ಲಿ ದೇವಸ್ಥಾನ ಇಲ್ವೇನು?"

"ಬುದ್ಧನದು ಬೇಕಾದಷ್ಟಿವೆ."

"ಮತ್ತೆ? ಬುದ್ಧನೂ ಹತ್ತು ಅವತಾರದಲ್ಲಿ ಒಬ್ಬ ತಾನೇ. ಬಿಟ್ಟ ಈರುಳ್ಳಿ ದಂಡ ಆಗೋದು ಬೇಡ, ಯಾತ್ರೆ ಅಂತಲೇ ಇಟ್ಕೊಳ್ಳೋಣ." ಒಳಗೆ ಹೋಗಿ ಒಂದು ಚೀಟಿ ತಂದುಕೊಟ್ಟರು. ತಮ್ಮ ಹೆಸರಿನಲ್ಲೂ ಅರ್ಚನೆ ಮಾಡಿಸಿ ಎಂದು ಹೇಳಿದ್ದ ಒಂಬತ್ತು ಜನ ನೆಂಟರ ಗೋತ್ರ, ನಕ್ಷತ್ರ ಅದರಲ್ಲಿತ್ತು. ನನ್ನ ಎಕ್ಸೆಲ್ ಶೀಟಿನಲ್ಲಿ ಹೋಟೆಲ್ ಬುಕಿಂಗ್ ಕಾಲಂ ಪಕ್ಕಕ್ಕೆ ಅವರೆಲ್ಲ ಸಾಲಾಗಿ ಬಂದು ಕೂತರು.

ಪಟ್ಟಿ ಕಳೆದುಹೋಯಿತು

ನಾನು ಕಂಪ್ಯೂಟರಿನಲ್ಲಿ ಪ್ಲ್ಯಾನ್ ಮಾಡಿದರೆ ಅತ್ತೆ ಕ್ಯಾಲೆಂಡರಿನ ಹಳೇ ಹಾಳೆಯ ಹಿಂದೆ ಮಾಡುತ್ತಾರೆ. ಒಯ್ಯಬೇಕಾದ ಸಾಮಾನಿನ ಪಟ್ಟಿ ಅದು. ಚಟ್ನಿಪುಡಿ, ಅವಲಕ್ಕಿ, ಗೊಜ್ಜು, ಮೊಣಕಾಲಿಗೆ ಹಚ್ಚುವ ಎಣ್ಣೆ, ಇಕ್ಕಳ. ಇಕ್ಕಳ ಯಾಕೆ ಎಂದು ಕೇಳಿದ್ದಕ್ಕೆ, "ಬಿಸಿ ಪಾತ್ರೆ ಇಳಿಸಬೇಕಾದಾಗ ಬ್ಯಾಂಕಾಕಲ್ಲಿ ಯಾರನ್ನ ಕೇಳ್ತೀಯಾ?" ಎಂದಿದ್ದರು.

ಒಂದು ಸಂಜೆ ಆಫೀಸಿನಿಂದ ಬಂದರೆ ಫ್ಲ್ಯಾಟಿನ ಕೆಳಗೆ ಜಾತ್ರೆ. ಮಕ್ಕಳು ಕಾರುಗಳ ಅಡಿಗೆ ಬಗ್ಗಿ ನೋಡುತ್ತಿದ್ದಾರೆ. ವಾಚ್‌ಮನ್ ಒಂದು ತಟ್ಟೆಯಲ್ಲಿ ಹಾಲು ಹಿಡಿದು "ಬಾ, ಬಾ" ಎಂದು ಪೊದೆಯನ್ನು ಕರೆಯುತ್ತಿದ್ದಾನೆ. ನನ್ನನ್ನು ಕಂಡದ್ದೇ ನಮ್ಮ ಕಟ್ಟಡದ ಸೆಕ್ರೆಟರಿ ಗಂಭೀರವಾಗಿ ಮುಂದೆ ಬಂದರು.

"ಮೇಡಂ, ಈ ಕಟ್ಟಡದಲ್ಲಿ ನಾಯಿ ಸಾಕುವುದಕ್ಕೆ ಅನುಮತಿಯಿಲ್ಲ."

"ನಮ್ಮ ಮನೆಯಲ್ಲಿ ನಾಯಿಯೇ ಇಲ್ಲವಲ್ಲ ಸಾರ್."

"ಗೊತ್ತು. ಕಳೆದುಹೋಗಿದೆ."

ಮೆಟ್ಟಿಲ ಹತ್ತಿರ ಅತ್ತೆ ಕಣ್ಣೊರೆಸಿಕೊಳ್ಳುತ್ತಾ ಕೂತಿದ್ದರು. ಪಕ್ಕದಲ್ಲಿ ಚೇಚಿ ಅವರ ಕೈ ಹಿಡಿದುಕೊಂಡು "ಪಾವಂ, ಪಾವಂ" ಎಂದು ಪಾಪ ಅನ್ನುತ್ತಿದ್ದರು. ಆದದ್ದು ಇಷ್ಟು. ಪಟ್ಟಿ ಕಾಣದೆ ಅತ್ತೆ ಚೇಚಿಯ ಬಾಗಿಲು ತಟ್ಟಿ, "ಪಟ್ಟಿ! ಪಟ್ಟಿ ಕಾಣ್ತಿಲ್ಲ!" ಎಂದಿದ್ದಾರೆ. ಮಲಯಾಳದಲ್ಲಿ ಪಟ್ಟಿ ಎಂದರೆ ನಾಯಿ. ಚೇಚಿಗೆ ಕರುಳು ಚುರುಕ್ ಎಂದಿದೆ. ಬಣ್ಣ ಯಾವುದು ಎಂದು ಇಂಗ್ಲಿಷಿನಲ್ಲಿ ಕೇಳಿದ್ದಾರೆ. "ವೈಟು. ಬ್ಯಾಕ್ ಸೈಡು ರೆಡ್ಡು ರೆಡ್ಡು," ಎಂದಿದ್ದಾರೆ ಅತ್ತೆ. ಹಾಳೆಯ ಹಿಂಬದಿಯ ರಜಾದಿನಗಳು ಅವು. ಬೆನ್ನಿಗೆ ಗಾಯವಾಗಿದೆ ಎಂದು ಚೇಚಿ ಹೌಹಾರಿದ್ದಾರೆ. ಎಷ್ಟು ದೊಡ್ಡದು ಎಂದರೆ ಅತ್ತೆ ಒಂದು ಗೇಣು ತೋರಿಸಿದ್ದಾರೆ. ಗಾಯಗೊಂಡ, ಒಂದು ಗೇಣುದ್ದದ ನಾಯಿಮರಿಯ ಸುದ್ದಿ ಐದು ನಿಮಿಷದಲ್ಲಿ ಇಡೀ ಕಟ್ಟಡದ ಮೊಬೈಲುಗಳಿಗೆ ಹೋಗಿದೆ.

ಅಷ್ಟರಲ್ಲಿ ಮಗಳು ಡ್ಯಾನ್ಸ್ ಕ್ಲಾಸಿನಿಂದ ಬಂದಳು. ವಿಷಯ ಕೇಳಿ ಗೋಡೆಗೆ ಒರಗಿ ನಕ್ಕಳು. ಆಮೇಲೆ ತನ್ನ ಬ್ಯಾಗಿನಿಂದ ನಾಲ್ಕಾಗಿ ಮಡಚಿದ ಕ್ಯಾಲೆಂಡರ್ ಹಾಳೆ ತೆಗೆದು ಅಜ್ಜಿಯ ಕೈಗಿಟ್ಟಳು. ತಾನೂ ಒಂದು ಸಾಮಾನು ಸೇರಿಸಬೇಕಿತ್ತಂತೆ, ಅದಕ್ಕೆ ಒಯ್ದಿದ್ದಳಂತೆ. ಇಕ್ಕಳದ ಕೆಳಗೆ ಮಲಯಾಳ ಅಕ್ಷರದಲ್ಲಿ ಏನೋ ಬರೆದಿತ್ತು.

"ಇದೇನೇ ಜಿಲೇಬಿ ಬಿಟ್ಟಿದಾಳೆ?" ಎಂದರು ಅತ್ತೆ.

ನಾನು ಓದಿದೆ. "'ಅಜ್ಜಿ' ಅಂತ ಬರೆದಿದಾಳೆ ಅತ್ತೆ. ಮರೆಯದೆ ಒಯ್ಯಬೇಕಂತೆ."

ಅತ್ತೆ ಆ ಸಾಲಿನ ಮೇಲೆ ಬೆರಳಾಡಿಸಿದರು. "ಸರಿ. ಇಕ್ಕಳ ಆದಮೇಲಾದರೂ ನನ್ನ ನೆನಪು ಬಂತಲ್ಲ," ಎಂದರು.

ರಿಸ್ಕು

ನನ್ನ ಪಾಲಿನ ಅವಮಾನವೂ ಬಾಕಿಯಿತ್ತು. ಆಫೀಸಿನ ಮೀಟಿಂಗ್‌ನಲ್ಲಿ ಪ್ರಾಜೆಕ್ಟಿನ ಹಾಳೆ ತೋರಿಸಬೇಕಾದವಳು ಅವಸರದಲ್ಲಿ ಬ್ಯಾಂಕಾಕಿನ ಹಾಳೆ ತೆರೆದು ಪರದೆಯ ಮೇಲೆ ಹಾಕಿಬಿಟ್ಟೆ. ನಮ್ಮ ತಂಡದ ಹನ್ನೆರಡು ಜನ, ವಿದೇಶದ ಕ್ಲೈಂಟ್ ಇಬ್ಬರು, ಎಲ್ಲರ ಎದುರಿಗೂ ಅದು ಬಿಚ್ಚಿಕೊಂಡಿತು. ಎರಡನೇ ದಿನ, ಮಧ್ಯಾಹ್ನ ಮೂರರಿಂದ ನಾಲ್ಕು: "ಅತ್ತೆಯ ನಿದ್ದೆ ಮುಗಿದ ಮೇಲೆ ಅತ್ತೆ ಮತ್ತು ಮಗಳು ಮಾತಾಡುವುದು. ನಾವಿಬ್ಬರೂ ಅಲ್ಲಿಂದ ಜಾಗ ಖಾಲಿ ಮಾಡುವುದು." ಮನೆಯ ವಿಷಯಗಳನ್ನೂ ಕೆಲಸದ ಚಟಕ್ಕೆ ಇಂಗ್ಲಿಷಿನಲ್ಲೇ ಬರೆದಿದ್ದೆ. ಪುಣ್ಯವೋ ಪಾಪವೋ, ಎಲ್ಲರೂ ಓದಿಕೊಂಡರು.

"ಇಡೀ ಪ್ಲ್ಯಾನ್ ಅತ್ತೆಯವರ ಮಧ್ಯಾಹ್ನದ ನಿದ್ದೆಯ ಮೇಲೆ ನಿಂತ ಹಾಗಿದೆ," ಎಂದ ಕ್ಲೈಂಟುಗಳಲ್ಲೊಬ್ಬ. ಅವನು ಬಹಳ ಗಂಭೀರವಾಗಿ ಓದುತ್ತಿದ್ದ.

ನಾನು ಇಲಿ ಹುಡುಕುವವಳಂತೆ ಮೌಸನ್ನು ಎಲ್ಲೆಲ್ಲೋ ಓಡಿಸುತ್ತಿದ್ದೆ. ಅಷ್ಟರಲ್ಲಿ ಹಾಳೆ ಕೆಳಕ್ಕೆ ಸರಿದು ರಿಸ್ಕುಗಳ ಪಟ್ಟಿ ಬಂತು. ಒಂದನೇ ರಿಸ್ಕು: "ಮಲಯಾಳಿಗಳು ಸಿಗುವುದು." ಪರಿಹಾರ: "ಓಡುವುದು."

ನಮ್ಮ ತಂಡದಲ್ಲಿ ನನ್ನನ್ನು ಬಿಟ್ಟರೆ ಎಲ್ಲರೂ ಮಲಯಾಳಿಗಳೇ. ಮೀಟಿಂಗ್ ಮುಗಿದ ಮೇಲೆ ನನ್ನ ಮ್ಯಾನೇಜರ್, ಅದೇ, ಅತ್ತೆ ದಿನಾ ಬೈಯುವವನು, ನನ್ನ ಮೇಜಿನ ಹತ್ತಿರ ಬಂದ. ನನಗಿಂತ ಐದು ವರ್ಷ ಚಿಕ್ಕವನು. ನಾನು ಅಜ್ಜಿ ಮೊಮ್ಮಗಳ ಕಥೆಯೆಲ್ಲ ಒಂದೇ ಉಸಿರಿಗೆ ಹೇಳಿ ಕ್ಷಮೆ ಕೇಳಿದೆ. ಅವನು ಕುರ್ಚಿ ಎಳೆದು ಕೂತು ಪೂರ್ತಿ ಕೇಳಿದ. ರಜೆ ಇನ್ನೂ ಒಂದು ದಿನ ಹೆಚ್ಚು ಬೇಕಾದರೂ ತೆಗೆದುಕೊಳ್ಳಿ ಎಂದ. ಆ ಕ್ಷಣದಿಂದ ನಾನು ಅವನನ್ನು ಬೈಯುವುದು ಬಿಟ್ಟೆ. ಅತ್ತೆ ಬಿಡಲಿಲ್ಲ.

ಹೋಗುವಾಗ ಅವನು ತಿರುಗಿ ನಿಂತ. "ಪ್ಲ್ಯಾನ್ ಚೆನ್ನಾಗಿದೆ ಚೇಚಿ. ಆದರೆ ಆ ರಿಸ್ಕಿಗೆ ಪರಿಹಾರ ಇಲ್ಲ. ನಮ್ಮ ಚಿಕ್ಕಪ್ಪ ಇರೋದು ಬ್ಯಾಂಕಾಕಿನಲ್ಲೇ."

ಜಗುಲಿಯ ಮೇಲೆ

ವಿಮಾನ ಕೊಚ್ಚಿಯಿಂದ. ಹಿಂದಿನ ದಿನವೇ ರೈಲಿನಲ್ಲಿ ಹೋಗಿ ಫೋರ್ಟ್ ಕೊಚ್ಚಿಯ ಒಂದು ಹೋಂಸ್ಟೇಯಲ್ಲಿ ಇಳಿದೆವು. ಮನೆಯ ಯಜಮಾನಿ ಅತ್ತೆಯ ವಯಸ್ಸಿನ ಅಮ್ಮಚ್ಚಿ, ಇಲ್ಲಿಯ ಕ್ರೈಸ್ತ ಅಜ್ಜಿಯರ ಹಾಗೆ ಬಿಳೀ ಚಟ್ಟೆ ಮುಂಡು ಎಂಬ ಕುಪ್ಪಸ ಪಂಚೆ ಉಟ್ಟವರು. ನಾವು ಸಮುದ್ರದ ದಂಡೆಗೆ ಹೋಗಿ ಚೀನೀ ಬಲೆಗಳನ್ನು ನೋಡಿಕೊಂಡು ಬರುವಷ್ಟರಲ್ಲಿ, ಮಂಡಿನೋವು ಎಂದು ಹಿಂದುಳಿದಿದ್ದ ಅತ್ತೆ ಅಮ್ಮಚ್ಚಿಯ ಜೊತೆ ಜಗುಲಿಯಲ್ಲಿ ಕೂತು ಲೋಕಾಭಿರಾಮ ಮಾತಾ‌ಡುತ್ತಿದ್ದರು. ನಾವು ಗೇಟಿನ ಹತ್ತಿರವೇ ನಿಂತು ಕಿವಿಗೊಟ್ಟೆವು.

ಅಮ್ಮಚ್ಚಿ ಮಲಯಾಳದಲ್ಲಿ, ಈ ಸಲ ಮೀನು ಸರಿಯಾಗಿ ಬೀಳುತ್ತಿಲ್ಲ ಎಂದರು. ಅತ್ತೆ ಕನ್ನಡದಲ್ಲಿ, "ಹೌದಮ್ಮ, ಬಿಸಿಲೇ ಇಲ್ಲ, ಸಂಡಿಗೆ ಹೇಗೆ ಒಣಗಬೇಕು?" ಎಂದರು. ಅಮ್ಮಚ್ಚಿ ತಲೆಯಾಡಿಸಿ, ದೊಡ್ಡ ಮಗ ವರ್ಷಕ್ಕೊಂದು ಸಲವೂ ಬರುವುದಿಲ್ಲ ಎಂದರು. "ಬೆಳಗ್ಗೆ ಎದ್ದಾಗಲೇ ಜಾಸ್ತಿ. ಎಣ್ಣೆ ಹಚ್ಚಿದರೆ ವಾಸಿ," ಎಂದು ಅತ್ತೆ ಮಂಡಿ ನೀವಿಕೊಂಡರು. ಅಮ್ಮಚ್ಚಿ ಅವರ ಮಂಡಿಯ ಮೇಲೆ ಕೈಯಿಟ್ಟು ನಿಟ್ಟುಸಿರುಬಿಟ್ಟರು. ನಾವಿಲ್ಲದ ಎರಡು ಗಂಟೆಯೂ ಹೀಗೇ ನಡೆದಿರಬೇಕು.

ಒಳಗೆ ಬಂದ ಮೇಲೆ ಅತ್ತೆ ನನ್ನ ಕಿವಿಯಲ್ಲಿ ಹೇಳಿದರು: "ಆಯಮ್ಮ ಎಷ್ಟು ಚೆನ್ನಾಗಿ ಕನ್ನಡ ಮಾತಾಡ್ತಾರೆ ಕಣೇ!"

ನಾನು ನಗುತ್ತಾ ಮಗಳ ಕಡೆ ತಿರುಗಿದೆ. ಅವಳು ನಗುತ್ತಿರಲಿಲ್ಲ. ಮಂಚದ ತುದಿಯಲ್ಲಿ ಕೂತು ಚಪ್ಪಲಿಯ ಮರಳು ಕೊಡವುತ್ತಾ, ನನಗೊಬ್ಬಳಿಗೇ ಕೇಳಿಸುವಂತೆ ಹೇಳಿದಳು: "ಅಜ್ಜಿ ಎಲ್ಲಾರೋಡುಂ ಸಂಸಾರಿಕ್ಕುಂ. ಎನ್ನೋಡು ಮಾತ್ರಂ ಇಲ್ಲ."

ಮಲಯಾಳದಲ್ಲಿ ಸಂಸಾರವೆಂದರೆ ಮಾತು. ಅಜ್ಜಿ ಎಲ್ಲರ ಹತ್ತಿರವೂ ಮಾತಾಡುತ್ತಾರೆ, ನನ್ನ ಹತ್ತಿರ ಮಾತ್ರ ಇಲ್ಲ.

ಮೊಮ್ಮಗಳು ಮಾತಾಡುವುದಿಲ್ಲವೆಂದು ಅಜ್ಜಿ ಊರು ಬಿಡಲು ಹೊರಟಿದ್ದಾರೆ. ಅಜ್ಜಿ ಮಾತಾಡುವುದಿಲ್ಲವೆಂದು ಮೊಮ್ಮಗಳು ಮುಖ ಸಣ್ಣ ಮಾಡಿದ್ದಾಳೆ. ನಡುವೆ ನಾನು ಏಳು ಸಲ ತಿದ್ದಿದ ಎಕ್ಸೆಲ್ ಶೀಟು ಹಿಡಿದು ನಿಂತಿದ್ದೇನೆ. "ನೀನು ಕನ್ನಡದಲ್ಲಿ ಮಾತಾಡಿದರೆ ಅಜ್ಜಿ ಬಿಡ್ತಾರೇನೇ? ಯಾಕೆ ಆಡಲ್ಲ?" ಎಂದೆ.

"ನಿಂಙಳ್ ಎಲ್ಲಾರುಂ ಚಿರಿಚ್ಚಿಲ್ಲೇ?" ಎಂದಳು. ನೀವೆಲ್ಲ ನಕ್ಕಿರಲ್ಲವಾ?

ನೆನಪಾಯಿತು. ಎರಡು ವರ್ಷದ ಹಿಂದೆ ಮೈಸೂರಿನ ಒಂದು ಮದುವೆಯಲ್ಲಿ ನೆಂಟರು ಇವಳನ್ನು ಸುತ್ತುವರಿದು, "ನಿಂಗೆ ಯಾರು ಬೇಕು? ಅಮ್ಮನೋ ಅಪ್ಪನೋ?" ಎಂದು ಕೇಳಿದ್ದರು. "ನನಗೆ ಅಜ್ಜಿ ಮತಿ," ಎಂದಿದ್ದಳು. ಮತಿ ಎಂದರೆ ಮಲಯಾಳದಲ್ಲಿ ಸಾಕು. ನನಗೆ ಅಜ್ಜಿಯೊಬ್ಬರಿದ್ದರೆ ಸಾಕು ಎಂದು ಮಗು ಹೇಳಿತ್ತು. "ಅಜ್ಜಿ ಮತಿನಾ, ಮತಿಗೆಟ್ಟ ಅಜ್ಜಿನಾ?" ಎಂದು ಯಾರೋ ಕಿಚಾಯಿಸಿದರು. ಇಡೀ ಛತ್ರ ನಕ್ಕಿತು. ಅತ್ತೆಯೂ ನಕ್ಕರು, ಅವರಿಗೆ ಅರ್ಥ ಗೊತ್ತಿರಲಿಲ್ಲ. ನನಗೆ ಗೊತ್ತಿತ್ತು. ನಾನೂ ನಕ್ಕಿದ್ದೆ. ಅವತ್ತಿನಿಂದ ಅವಳು ಕನ್ನಡಕ್ಕೆ ಬಾಯಿ ತೆರೆದಿರಲಿಲ್ಲ, ನನಗೆ ಅದು ಗಮನಕ್ಕೇ ಬಂದಿರಲಿಲ್ಲ. ನಾಚಿಕೆಯಿಂದ ನನ್ನ ಕಣ್ಣಲ್ಲಿ ನೀರು ಬಂತು.

ಅವಳ ಹತ್ತಿರ ಕ್ಷಮೆ ಕೇಳಿದೆ. ಆಮೇಲೆ ಅಡುಗೆಮನೆಯಲ್ಲಿ ಅಮ್ಮಚ್ಚಿಗೆ ಚಟ್ನಿಪುಡಿಯ ಪಾಠ ಹೇಳುತ್ತಿದ್ದ ಅತ್ತೆಯನ್ನು ಪಕ್ಕಕ್ಕೆ ಕರೆದು ಮತಿಯ ಅರ್ಥ ಹೇಳಿದೆ. ಅತ್ತೆ ಕೈಯಲ್ಲಿದ್ದ ಚಮಚವನ್ನು ಸೆರಗಿನಿಂದ ಒರೆಸುತ್ತಲೇ ಇದ್ದರು.

ಉದ್ದೇಶ

ವಿಮಾನ ನಿಲ್ದಾಣದಲ್ಲಿ ಅಧಿಕಾರಿ ಏನಾದರೂ ಕೇಳಿದರೆ "ಫ್ಯಾಮಿಲಿ ಹಾಲಿಡೇ" ಎನ್ನಬೇಕು ಎಂದು ಅತ್ತೆಗೆ ಒಂದು ವಾರದಿಂದ ಉರು ಹೊಡೆಸಿದ್ದೆ. ದಾರಿಯುದ್ದಕ್ಕೂ ಟ್ಯಾಕ್ಸಿಯಲ್ಲಿ ಅವರು ಅದನ್ನೇ ಜಪಿಸಿದರು. ಕೌಂಟರಿನ ಮುಂದೆ ಹಳದಿ ಗೆರೆ. ಒಬ್ಬೊಬ್ಬರಾಗಿ ಬನ್ನಿ ಎಂದು ಕೈಸನ್ನೆ. ಅತ್ತೆ ಮೊದಲು ಹೋದರು. ಪಾಸ್‌ಪೋರ್ಟನ್ನು ಎರಡೂ ಕೈಯಲ್ಲಿ ಪ್ರಸಾದದ ಹಾಗೆ ಹಿಡಿದಿದ್ದರು.

ಅಧಿಕಾರಿ ನಡುವಯಸ್ಸಿನ ಮನುಷ್ಯ, ಮೃದುವಾಗಿ ಕೇಳಿದರು: "ಯಾತ್ರಯುಡೆ ಉದ್ದೇಶಂ ಎಂದಾ ಅಮ್ಮೇ?"

ಯಾತ್ರೆ ಗೊತ್ತು, ಉದ್ದೇಶ ಗೊತ್ತು. ಪ್ರಶ್ನೆ ಅತ್ತೆಗೆ ಪೂರ್ತಿ ಅರ್ಥವಾಯಿತು. ಆ ಸಂತೋಷದಲ್ಲಿ ಒಂದು ವಾರದ ಇಂಗ್ಲಿಷು ಹಾರಿಹೋಯಿತು. ಫ್ಯಾಮಿಲಿ ಎಂದರೆ ಕನ್ನಡದಲ್ಲಿ ಏನೋ ಅದನ್ನೇ ಎದೆಯುಬ್ಬಿಸಿ ಹೇಳಿದರು.

"ಸಂಸಾರ!"

ಅಧಿಕಾರಿ ತಲೆಯೆತ್ತಿದರು. "ಸಂಸಾರಿಕ್ಕಾನೋ?" ಮಾತಾಡುವುದಕ್ಕಾ?

"ಹ್ಞೂಂ. ಸಂಸಾರ. ಪೂರ್ತಿ ಸಂಸಾರ."

"ಮಾತಾಡುವುದಕ್ಕೆ ಬ್ಯಾಂಕಾಕಿಗೆ ಹೋಗುತ್ತಿದ್ದೀರಾ?" ಎಂದು ಅವರು ಮಲಯಾಳದಲ್ಲಿ ಕೇಳಿದರು. ಪಕ್ಕದ ಕೌಂಟರಿನವರೂ ಕತ್ತು ಚಾಚಿದರು. "ಆರೋಡು?" ಯಾರ ಹತ್ತಿರ?

ನಮ್ಮವರು ಗೆರೆ ದಾಟಲು ಹೋದರು. ಅಲ್ಲೇ ನಿಲ್ಲಿ ಎಂದು ಅಧಿಕಾರಿ ಕೈ ತೋರಿಸಿದರು. ಅಷ್ಟರಲ್ಲಿ ನನ್ನ ಮಗಳು ಸಾಲಿನ ಪಕ್ಕ ಕಟ್ಟಿದ್ದ ಹಗ್ಗದ ಅಡಿಯಿಂದ ನುಸುಳಿ ಓಡಿ, ಅಜ್ಜಿಯ ಪಕ್ಕ ನಿಂತು ಕೌಂಟರಿನ ಅಂಚು ಹಿಡಿದುಕೊಂಡಳು. ಅವಳ ಗಲ್ಲ ಅದರ ಮಟ್ಟಕ್ಕೆ ಬರುತ್ತಿತ್ತು.

"ಎನ್ನೋಡಾ ಅಂಕಿಳೇ!" ಎಂದಳು. ನನ್ನ ಹತ್ತಿರ.

ಆಮೇಲೆ ಅಜ್ಜಿಯ ಕಡೆ ತಿರುಗಿ, ಎರಡು ವರ್ಷದ ಮೇಲೆ ಮೊದಲ ಸಲ, ಕನ್ನಡದಲ್ಲಿ ಹೇಳಿದಳು: "ಅಜ್ಜಿ, ಸಂಸಾರ ಅಂದ್ರೆ ಇವರಿಗೆ ಮಾತು. ನೀನು ಯಾರ ಜೊತೆ ಮಾತಾಡಕ್ಕೆ ಹೋಗ್ತಿದೀಯಾ ಅಂತ ಕೇಳ್ತಿದಾರೆ. ನನ್ ಜೊತೆ ಅಂತ ಹೇಳ್ದೆ. ಸರಿನಾ?"

ಯಾರೂ ನಗಲಿಲ್ಲ. ಅತ್ತೆ ಅವಳನ್ನು ಒಂದು ಗಳಿಗೆ ನೋಡಿದರು. ಆಮೇಲೆ ಅಧಿಕಾರಿಯ ಕಡೆ ತಿರುಗಿ, ಮೊಮ್ಮಗಳ ತಲೆಯ ಮೇಲೆ ಕೈಯಿಟ್ಟು, ತಮ್ಮ ಜೀವನದ ಎರಡನೇ ಮಲಯಾಳ ವಾಕ್ಯ ಹೇಳಿದರು:

"ನನಗೆ ಇವಳು ಮತಿ."

ಅಧಿಕಾರಿ ಠಪ್ಪನೆ ಮುದ್ರೆ ಒತ್ತಿದರು. "ಪೋಯಿ ಸಂಸಾರಿಕ್ಕು ಅಮ್ಮೇ," ಎಂದರು. ಹೋಗಿ ಮಾತಾಡಿ.

ಅವರಿಬ್ಬರೂ ಅಧಿಕಾರಿಯ ಆಜ್ಞೆಯನ್ನು ಚಾಚೂ ತಪ್ಪದೆ ಪಾಲಿಸಿದರು. ವಿಮಾನದಲ್ಲಿ ಮುಂದಿನ ಸೀಟಿನವರು ಎರಡು ಸಲ ತಿರುಗಿ ನೋಡಿದರು. ಬ್ಯಾಂಕಾಕಿನಲ್ಲಿ ನನ್ನ ಶೀಟನ್ನು ಯಾರೂ ತೆರೆಯಲಿಲ್ಲ. ಮೂರರಿಂದ ನಾಲ್ಕು ಎಂದು ನಾನು ಗೊತ್ತುಮಾಡಿದ್ದ ಮಾತು ಬೆಳಗಿನ ಕಾಫಿಗೇ ಶುರುವಾಗುತ್ತಿತ್ತು. ಅರ್ಧ ಕನ್ನಡ, ಅರ್ಧ ಮಲಯಾಳ, ತಪ್ಪುಗಳೆಲ್ಲ ಇಬ್ಬರದೂ ಸಮಪಾಲು. ಒಂಬತ್ತು ಜನರ ಗೋತ್ರ ನಕ್ಷತ್ರಗಳನ್ನು ಅಜ್ಜಿ ಹೇಳಿಕೊಟ್ಟಂತೆ ಮೊಮ್ಮಗಳೇ ಬುದ್ಧನ ಮುಂದೆ ಒಪ್ಪಿಸಿದಳು. ಎರಡನೇ ದಿನ ಮ್ಯಾನೇಜರನ ಚಿಕ್ಕಪ್ಪ ಬಾಳೆಕಾಯಿ ಚಿಪ್ಸು ಹಿಡಿದುಕೊಂಡು ಹೋಟೆಲಿಗೇ ಬಂದರು. ನಾವು ಓಡಲಿಲ್ಲ.

ಪಟ್ಟಂಗೆ ಹಿಂತಿರುಗಿದ ಮರುದಿನ ಮೈಸೂರಿನಿಂದ ಅತ್ತಿಗೆಯ ಫೋನು ಬಂತು. ರೂಮು ಗುಡಿಸಿ ಸಿದ್ಧ ಮಾಡಿಟ್ಟಿದ್ದೇನೆ, ಯಾವಾಗ ಬರುತ್ತೀಯಾ ಎಂದು ಕೇಳಿದರು. ಅತ್ತೆ ಬಟಾಣಿ ಸುಲಿಯುತ್ತಿದ್ದರು, ಫೋನು ಸ್ಪೀಕರಿನಲ್ಲಿತ್ತು. ಮೊಮ್ಮಗಳು ಎದುರಿಗೆ ಕೂತು, ಸುಲಿದದ್ದನ್ನು ತಿನ್ನುತ್ತಾ, ಶಾಲೆಯ ಯಾವುದೋ ಜಗಳದ ಕಥೆಯನ್ನು ಅರ್ಧಕ್ಕೆ ನಿಲ್ಲಿಸಿಕೊಂಡು ಕಾಯುತ್ತಿದ್ದಳು.

"ಈಗ ಬರೋಕಾಗಲ್ಲ ಕಣೇ," ಎಂದರು ಅತ್ತೆ. "ನನಗಿಲ್ಲಿ ಹೊಸದಾಗಿ ಸಂಸಾರ ಶುರುವಾಗಿದೆ."

ಆ ಕಡೆ ಪಾತ್ರೆ ಬಿದ್ದ ಸದ್ದಾಯಿತು.

"ಅಮ್ಮಾ! ಈ ವಯಸ್ಸಲ್ಲಾ? ಯಾರ ಜೊತೆ? ಬ್ಯಾಂಕಾಕಲ್ಲಿ ಸಿಕ್ಕಿದ್ರಾ?"